ಹನ್ನೊಂದನೇ ಗಾಡಿಯ ಬ್ಯಾಟರಿ

ಗಾಲ್ಫ್ ಮೈದಾನದ ಹುಲ್ಲು ಅರ್ಧ ಬೆರಳು ಹೆಚ್ಚು ಬೆಳೆದರೆ ನಮ್ಮ ಮ್ಯಾನೇಜರಿಗೆ ಊಟ ಸೇರುವುದಿಲ್ಲ. ಗಾಡಿ ಶೆಡ್ಡಿನಲ್ಲಿ ಏನಾದರೆ ಅವನಿಗೇನು? ಆಟಗಾರರು ಓಡಾಡುವ ಹನ್ನೆರಡು ಗಾಡಿಗಳ ಹಳೇ ಸೀಸದ ಬ್ಯಾಟರಿ ಕಿತ್ತು ಲಿಥಿಯಂ ಹಾಕಿಸಿದ ಪುಣ್ಯಾತ್ಮ, ಅದಕ್ಕೆ ಹೊಂದುವ ಚಾರ್ಜರ್ ಮಾತ್ರ ಹತ್ತೇ ತರಿಸಿದ. ಹನ್ನೊಂದು, ಹನ್ನೆರಡನೇ ಗಾಡಿಗಳಿಗೆ ಹಳೆಯದೇ ಸಾಕಂತೆ.

"ಎರಡೂ ನಲವತ್ತೆಂಟು ವೋಲ್ಟೇ ತಾನೆ?" ಎಂದ.

"ಸಾರ್, ಹಳೇ ಚಾರ್ಜರ್ ತುಂಬಿದ ಮೇಲೂ ಕರೆಂಟು ತಳ್ತಾನೇ ಇರುತ್ತೆ. ಸೀಸದ್ದು ತಡ್ಕೊಳ್ತಿತ್ತು, ಒಳಗಿನ ನೀರು ಕುದಿಸ್ಕೊಂಡು ಸುಮ್ನಿರ್ತಿತ್ತು. ಇದು ತಡ್ಕೊಳ್ಳಲ್ಲ."

"ನೀವು ಎಲ್ಲದಕ್ಕೂ ಮೂಗು ಮುರೀತೀರಮ್ಮ."

ಮುರಿಯದೆ ಇನ್ನೇನು? ಇಪ್ಪತ್ತೆರಡು ವರ್ಷದಿಂದ ಈ ಶೆಡ್ಡಿನ ಮೇಸ್ತ್ರಿ ನಾನು. ಕ್ಲಬ್ಬಿನ ಸದಸ್ಯರ ಕಣ್ಣಿಗೆ ವೈರು ಬೀಳಬಾರದೆಂದು ಆ ಎರಡು ಚಾರ್ಜರುಗಳನ್ನು ಮರದ ಮೆಟ್ಟಿಲ ಕೆಳಗೆ ಸೇರಿಸಿದ. ಮೆಟ್ಟಿಲ ಮೇಲಿರುವುದು ಇಸ್ತ್ರಿ ಕೋಣೆ. ಅಲ್ಲಿ ದಿನವಿಡೀ ಟವೆಲ್ ತಿಕ್ಕುವವಳು ನನ್ನ ಸ್ವಂತ ತಂಗಿ. ಅವಳಿಗೆ ಇಳಿಯಲು ಬೇರೆ ದಾರಿಯಿಲ್ಲ, ಕಿಟಕಿಗೂ ಕಂಬಿ. ಅದನ್ನೂ ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಹೇಳಿದ್ದೇನಲ್ಲ, ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಇನ್ನೊಬ್ಬನಿದ್ದಾನೆ, ತಂಗಿಯ ಗಂಡ. ಗಾಡಿ ತೊಳೆದು, ಚಾರ್ಜಿಗೆ ಹಾಕುವುದು ಅವನ ಕೆಲಸ. ಯಾರು ಏನು ಕೇಳಿದರೂ "ಆಗುತ್ತೆ ಬಿಡಿ" ಅನ್ನುವುದರಿಂದ ಶೆಡ್ಡಿನಲ್ಲಿ ಅವನ ಹೆಸರು ಆಗುತ್ತಪ್ಪ. ಕೆಲಸದಲ್ಲಿ ಚುರುಕು, ತಲೆಯಲ್ಲಿ ಮಾತ್ರ ಬರೀ ಗಾಳಿ.

ಹನ್ನೊಂದನೇ ಗಾಡಿಯನ್ನು ಹಳೇ ಚಾರ್ಜರಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ಕೆಂಪು ದೀಪ ಹತ್ತಿ ಕಿರುಚಿಕೊಳ್ಳುತ್ತಿತ್ತು. ಬ್ಯಾಟರಿಯೊಳಗೆ ಒಂದು ಕಾವಲು ಹಲಗೆ ಇರುತ್ತದೆ. ಹೊಟ್ಟೆ ತುಂಬಿತು, ಮೈ ಬಿಸಿಯಾಯಿತು ಅನ್ನಿಸಿದ ಕೂಡಲೇ ಅದು ಕರೆಂಟು ಕಡಿದುಹಾಕುತ್ತದೆ. ಪಾಪ, ಅದು ತನ್ನ ಕೆಲಸ ಮಾಡುತ್ತಿತ್ತು. ಮ್ಯಾನೇಜರಿಗೆ ಆ ಕಿರುಚಾಟ ಹಿಡಿಸಲಿಲ್ಲ. ಒಂದು ದಿನ ಸದ್ದು ನಿಂತಿತು, ಹಸಿರು ದೀಪ ಬಂತು. ಸರಿಹೋಯಿತೇನೋ ಎಂದುಕೊಂಡು ನಾನೂ ಸುಮ್ಮನಾದೆ.

ಬುಧವಾರ ಮಧ್ಯಾಹ್ನ ಶೆಡ್ಡಿನಲ್ಲಿ ಒಂಥರಾ ಸಿಹಿ ವಾಸನೆ, ಕೊಳೆತ ಹಣ್ಣಿಗೆ ಉಗುರಿನ ಬಣ್ಣ ಬೆರೆಸಿದ ಹಾಗೆ. ವಾಸನೆ ಹಿಡಿದು ಹೋದವಳು ಹನ್ನೊಂದರ ಸೀಟಿನ ಮೇಲೆ ಕೈಯಿಟ್ಟೆ. ಕಾದ ಕಾವಲಿ! ಬಟ್ಟೆ ಸುತ್ತಿಕೊಂಡು ಸೀಟು ಎತ್ತಿದರೆ ಬ್ಯಾಟರಿ ಪೆಟ್ಟಿಗೆ ಸತ್ತ ಎಮ್ಮೆಯ ಹೊಟ್ಟೆಯಂತೆ ಉಬ್ಬಿಕೊಂಡಿತ್ತು. ಅಂಚಿನಲ್ಲಿ ಅಂಟಂಟಾಗಿ ಏನೋ ಒಸರುತ್ತಿತ್ತು. ಕಾವಲು ಹಲಗೆಯನ್ನು ದಾಟಿಸಿ, ಈ ಕಡೆಯಿಂದ ಆ ಕಡೆಗೆ ಒಂದು ದಪ್ಪ ಕೆಂಪು ವೈರು. ಮೇಲೆ ನೀಟಾಗಿ ಟೇಪು ಬೇರೆ.

ಮೇನ್ ಸ್ವಿಚ್ಚು ಆರಿಸಿದೆ. "ಇಳಿಯೇ! ಎಲ್ಲ ಬಿಟ್ಟು ಇಳಿಯೇ!" ಎಂದು ಕಿರುಚಿದೆ.

"ಇದೊಂದು ಟವೆಲ್ ಮುಗಿಸಿ ಬಂದೆ ಅಕ್ಕ."

"ಟವೆಲ್ ಮನೆ ಹಾಳಾಗ! ಓಡು!"

ಅವಳು ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಪೆಟ್ಟಿಗೆ ಬುಸ್ ಎಂದಿತು. ಬಿಳಿ ಹೊಗೆ ಎದ್ದಿತು. ಅವಳ ತೋಳು ಹಿಡಿದು ದರದರ ಎಳೆದುಕೊಂಡು ಹೊರಬಿದ್ದೆ. ಹಿಂದೆಯೇ ಬೆಂಕಿ ನುಗ್ಗಿ ಮೆಟ್ಟಿಲಿಗೆ ಹತ್ತಿತು. ಅಗ್ನಿಶಾಮಕದವರು ಬಂದು ಒಂದು ಗಂಟೆ ನೀರು ಸುರಿದರು. ಕೊನೆಗೆ ಇಸ್ತ್ರಿ ಕೋಣೆಗೆ ಹತ್ತಲು ನಾಲ್ಕು ಮೆಟ್ಟಿಲೂ ಉಳಿದಿರಲಿಲ್ಲ. ತಂಗಿ ಕೆಮ್ಮುತ್ತಾ ಜಲ್ಲಿಯ ಮೇಲೆ ಕೂತಿದ್ದಳು.

ಆಗುತ್ತಪ್ಪ ಓಡಿಬಂದ. ಅವನ ಮುಖ ನೋಡಿದರೇ ಗೊತ್ತಾಯಿತು.

"ವೈರು ಹಾಕಿದ್ದು ನೀನೇ ಅಲ್ವೇನೋ?"

"ದೀಪ ಹಸಿರು ಬರ್ಲಿ ಅಂದ್ರು ಸಾರು. ಆಗುತ್ತೆ ಬಿಡಿ ಅಂದೆ. ಇಷ್ಟೆಲ್ಲ ಆಗುತ್ತೆ ಅಂತ ಯಾರಿಗ್ ಗೊತ್ತಿತ್ತಕ್ಕ?"

"ಥೂ! ಮೇಲಿದ್ದೋಳು ನಿನ್ ಹೆಂಡ್ತಿ ಕಣೋ! ಕಾವಲಿಗಿದ್ದ ನಾಯಿ ಬೊಗಳುತ್ತೆ ಅಂತ ಅದರ ಬಾಯಿ ಕಟ್ಟಿ ಮಲಗ್ತಾರೇನೋ ಯಾರಾದ್ರೂ?"

ಅವನ ಮೇಲೆ ಹೇಸಿಗೆ ಬಂತು. ತಲೆಕೂದಲು ಸರಿಮಾಡಿಕೊಳ್ಳುತ್ತಾ ಫೋನಿನಲ್ಲಿ "ಚಿಕ್ಕ ಶಾರ್ಟ್ ಸರ್ಕ್ಯೂಟು" ಎನ್ನುತ್ತಿದ್ದ ಮ್ಯಾನೇಜರಿನ ಮೇಲಂತೂ ಉಗಿಯುವಷ್ಟು ಹೇಸಿಗೆ. ಬಾಯಿಗೆ ಬಂದಂತೆ ಇಬ್ಬರನ್ನೂ ಬೈದೆ. ಬೈಯಲು ಹಕ್ಕಿರುವವಳು ನಾನೊಬ್ಬಳೇ ಅನ್ನುವ ಹಾಗೆ ಬೈದೆ. ತಂಗಿ ನನ್ನ ಸೆರಗು ಹಿಡಿದುಕೊಂಡೇ ಇದ್ದಳು.

ಮ್ಯಾನೇಜರು ಫೋನು ಇಟ್ಟ. "ತಪಾಸಣೆ ಪಟ್ಟಿ ಎಲ್ಲಮ್ಮ? ದಿನಾ ಪ್ರತಿ ಗಾಡಿ ಸೀಟು ಎತ್ತಿ, ಪೆಟ್ಟಿಗೆ ನೋಡಿ, ಗುರುತು ಹಾಕ್ಬೇಕು ಅಂತಿದೆಯಲ್ಲ?"

ಸೀಸದ ಬ್ಯಾಟರಿಗೆ ನೀರು ಹಾಕಬೇಕಿತ್ತು, ಹಾಗಾಗಿ ಆಗ ಬೆಳಗಾದರೆ ಹನ್ನೆರಡೂ ಸೀಟು ಎತ್ತುತ್ತಿದ್ದೆ. ಲಿಥಿಯಂ ನೀರು ಕೇಳುವುದಿಲ್ಲ. ನೀರು ಕೇಳದ ಮೇಲೆ ಸೀಟು ಎತ್ತುವುದೇಕೆ? ಮೂರು ತಿಂಗಳಿಂದ ಒಂದನ್ನೂ ಎತ್ತಿರಲಿಲ್ಲ. ಗುರುತು ಮಾತ್ರ ಸೋಮವಾರ ಒಮ್ಮೆ ಕೂತು ಹಾಕಿಬಿಡುತ್ತಿದ್ದೆ.

ಪಟ್ಟಿ ಹೊರಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ನಾನು ಹೆಜ್ಜೆ ಇಡುವ ಮೊದಲೇ ತಂಗಿ ಸೆರಗು ಬಿಟ್ಟು ಎದ್ದು ಅದನ್ನು ತೆಗೆದಳು. ಅಕ್ಕನ ಮಾನ ಉಳಿಸಲೆಂದೇ ಆತುರ ಪಟ್ಟಿರಬೇಕು. ಹನ್ನೊಂದರ ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿದಳು. ಬೆರಳು ಒಂದು ಕಡೆ ನಿಂತಿತು, ಮತ್ತೆ ಮುಂದಕ್ಕೆ ಹೋಯಿತು. ಆಮೇಲೆ ನನ್ನ ಮುಖ ನೋಡಿದಳು.

"ಅಕ್ಕ, ಇವತ್ತು ಬುಧವಾರ," ಎಂದಳು. "ನೀನು ಶನಿವಾರದವರೆಗೂ ಹಾಕಿದ್ದೀಯ."