ಹೆಸರು ಹೇಳಬಾರದ ಸೊಪ್ಪು

ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಲೇಬೇಕು ಎಂದು ಹೇಳಿ ಡಾಕ್ಟರು ಹೊರಟುಹೋದ ಮೇಲೆ ರತ್ನಾವತಿ ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದಳು. ಮಗಳು ಮಾನಸಿ ಒಪ್ಪಿಗೆಯ ಫಾರಂ ಹಿಡಿದು ನಿಂತೇ ಇದ್ದಳು. ಒಳಗೆ ಮಲಗಿದ್ದ ರತ್ನಾವತಿಯ ಗಂಡ ವಸಂತಕುಮಾರ ಡೊಂಬಿವಲಿ ಸ್ಟೇಷನ್ ಬಳಿಯ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ದೋಸೆಕಲ್ಲಿನ ಮುಂದೆ ನಿಂತು ಸಂಸಾರ ಸಾಕಿದವನು. ಇನ್ನು ನಿಲ್ಲುವುದು ಎಲ್ಲಿಂದ ಬಂತು?

ಎಲ್ಲ ಶುರುವಾದದ್ದು ಒಂದು ಸೊಪ್ಪಿನಿಂದ. ರತ್ನಾವತಿಯ ತವರಿನಲ್ಲಿ ಹುಣ್ಣಿಗೆ ಹಚ್ಚುತ್ತಿದ್ದ ಮದ್ದು ಅದು. ಹೆಸರು ಬಾಯಿಬಿಟ್ಟರೆ ಗುಣ ಹೋಗುತ್ತದೆಂಬ ಕಟ್ಟಳೆ. ಟಿಟ್ವಾಳಾದ ರೈಲು ಹಳಿಬದಿಯಿಂದ ಕಿತ್ತು ತಂದು, ಗುರುತು ಸಿಗದಂತೆ ಅರೆದೇ ಕೊಡುತ್ತಿದ್ದಳು. ಎಂಎಸ್ಸಿ ಓದುತ್ತಿದ್ದ ಮಾನಸಿ ಅದರ ರಸವನ್ನು ಕಾಲೇಜಿನ ಲ್ಯಾಬಿಗೆ ಒಯ್ದಳು. ಕೀವಿನ ರೋಗಾಣು ಬೆಳೆಸಿದ ಪ್ಲೇಟಿನಲ್ಲಿ ರಸ ಬಿದ್ದ ಜಾಗದ ಸುತ್ತ ಒಂದೂ ಉಳಿಯದೆ ಚೊಕ್ಕ ವೃತ್ತ ಮೂಡಿತು. ಹುಡುಗಿಗೆ ಸ್ವರ್ಗಕ್ಕೆ ಮೂರೇ ಗೇಣು. ಗಿಡದ ಹೆಸರಿಲ್ಲದೆ ಪ್ರಾಜೆಕ್ಟ್ ಪಾಸಾಗದು ಎಂದು ಸರ್ ಹೇಳಿದಾಗ, ತಾಯಿಯನ್ನು ನಾಲ್ಕು ದಿನ ಕಾಡಿ, ಅತ್ತು, ಹೇಳಿಸಿಯೇ ಬಿಟ್ಟಳು.

ಅದೇ ವಾರ ಸಕ್ಕರೆ ಕಾಯಿಲೆಯ ವಸಂತಕುಮಾರನ ಕಾಲಿನ ಹೆಬ್ಬೆರಳಿನ ಬಳಿ ಹುಣ್ಣೆದ್ದಿತು. ಆಸ್ಪತ್ರೆಗೆ ಹೋಗಲೋ, ಸೊಪ್ಪು ಸಾಕೋ ಎಂದು ಅವನು ಮಗಳನ್ನೇ ಕೇಳಿದ. ಮನೆಯಲ್ಲಿ ಓದಿದವಳು ಅವಳೊಬ್ಬಳೇ. ಮಾನಸಿ ಮೊಬೈಲಿನಲ್ಲಿ ಪ್ಲೇಟಿನ ಫೋಟೋ ತೋರಿಸಿದಳು. "ನೋಡಿ ಪಪ್ಪಾ, ಸಬ್ ಸಾಫ್. ಒಂದೂ ಉಳಿದಿಲ್ಲ." ಪ್ಲೇಟಿನಲ್ಲಿ ಸತ್ತದ್ದು ಮೈಯಲ್ಲೂ ಸಾಯಬೇಕೆಂದಿಲ್ಲ ಎಂಬುದು ಅವಳು ಕಲಿತ ಮೊದಲ ಪಾಠವೇ. ಅದನ್ನು ಹೇಳಲಿಲ್ಲ. ಹೆಮ್ಮೆ ಅಷ್ಟು ಕೆಟ್ಟದ್ದು. ಮೂರು ವಾರ ಸೊಪ್ಪು ಹಚ್ಚಿದರು; ಕಾಲು ಕಪ್ಪಾಯಿತು.

"ನನ್ನ ಬಾಯಿಯೇ ಅವರ ಕಾಲು ತಿಂದದ್ದು ಮಗಾ," ಎಂದಳು ರತ್ನಾವತಿ. "ಹೆಸರು ಹೇಳ್ಬಾರ್ದಿತ್ತು. ಹೇಳಿದ ಮೇಲೆ ನಿನ್ನ ಪ್ಲೇಟಲ್ಲಿ ಸಹ ಅದು ಕೆಲಸ ಮಾಡ್ಲಿಲ್ಲ ಅಲ್ವಾ?"

ಮೊನ್ನೆಯಷ್ಟೇ ಮಾನಸಿ ಮತ್ತೊಮ್ಮೆ ಪರೀಕ್ಷಿಸಿದ್ದಳು. ವೃತ್ತ ಹತ್ತೊಂಬತ್ತು ಮಿಲಿಮೀಟರ್, ಮೊದಲಿನಷ್ಟೇ. ಅಂದರೆ ತಾಯಿಯದೇನೂ ತಪ್ಪಿಲ್ಲ, ಉಳಿಯುವುದು ತನ್ನದೊಂದೇ. ಮಾತು ನಾಲಿಗೆಯ ತುದಿಯವರೆಗೂ ಬಂತು. ಅವಳಿಗೆ ಭಯವಾಯಿತು.

"ಇಲ್ಲ ಅಮ್ಮ," ಎಂದಳು. "ಮಾಡ್ಲಿಲ್ಲ."

ರತ್ನಾವತಿ ತನಗೆ ಗೊತ್ತಿದ್ದದ್ದೇ ಎಂಬಂತೆ ತಲೆಯಾಡಿಸಿದಳು. ಮಾನಸಿ ಗೋಡೆಗೆ ಫಾರಂ ಒತ್ತಿಹಿಡಿದು ಸಹಿ ಹಾಕಿದಳು.

ಸಿಸ್ಟರ್ ಬಂದು ಫಾರಂ ತೆಗೆದುಕೊಂಡು, ವಸಂತಕುಮಾರನ ಚಪ್ಪಲಿಗಳಿದ್ದ ಪ್ಲಾಸ್ಟಿಕ್ ಚೀಲ ಕೊಟ್ಟಳು. ಮಗಳು ಕೈ ಚಾಚುವ ಮೊದಲೇ ತಾಯಿ ಅದನ್ನು ತೆಗೆದುಕೊಂಡು, ಎರಡನ್ನೂ ಸೆರಗಿನಿಂದ ಒರೆಸತೊಡಗಿದಳು.