ತೆಳ್ಳನೆಯ ಗ್ರಿಪ್ಪು

ನನ್ನ ಹೆಂಡತಿಯ ಪ್ರಕಾರ ನಾನು ಗ್ಯಾರೇಜ್ ಇಟ್ಟಿರುವುದು ಗಾಡಿ ರಿಪೇರಿಗಲ್ಲ, ಊರವರ ಮನೆ ವಿಷಯ ಬಿಚ್ಚಿ ನೋಡುವುದಕ್ಕೆ. ಅವಳ ಮಾತಿನಲ್ಲಿ ಸುಳ್ಳೇನಿಲ್ಲ. ಗಾಡಿ ಒಳಗೆ ಬಂದರೆ ಸಾಕು, ಅದನ್ನು ಓಡಿಸುವವನು ಎಂಥವನು, ಯಾರ ಮೇಲಿನ ಸಿಟ್ಟನ್ನು ಬ್ರೇಕಿನ ಮೇಲೆ ತೀರಿಸಿಕೊಳ್ಳುತ್ತಾನೆ ಎಂದು ನನ್ನ ತಲೆ ಓಡತೊಡಗುತ್ತದೆ.

ಅವತ್ತು ಬೆಳಿಗ್ಗೆ ಉದ್ದ ಮೇಷ್ಟ್ರ ಮಗ ಅಪ್ಪನ ಮೋಟಾರ್‌ಸೈಕಲ್ ತಂದು ನಿಲ್ಲಿಸಿದ. ಉದ್ದ ಮೇಷ್ಟ್ರು ಎಂದರೆ ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸಿ ನಿವೃತ್ತರಾದವರು. ನನ್ನ ಅಂಗಡಿಗೆ ತಲೆ ಬಗ್ಗಿಸಿಯೇ ಬರಬೇಕು, ಅಷ್ಟು ಎತ್ತರ.

"ಹ್ಯಾಂಡಲ್ಲಿನ ಗ್ರಿಪ್ ಎರಡೂ ಹರಿದುಹೋಗಿವೆ, ಹೊಸದು ಹಾಕಿ. ನಾಳೆ ಗಿರಾಕಿ ಬರ್ತಾನೆ, ಗಾಡಿ ಮಾರಿಬಿಡ್ತೀನಿ," ಎಂದ ಮಗ. "ಅಪ್ಪನ ಕಣ್ಣು ಪೂರ್ತಿ ಮಂಜಾಗಿದೆ. ಆದ್ರೂ ದಿನಾ ಬೆಳಿಗ್ಗೆ ಅಮ್ಮನ್ನ ಕರ್ಕೊಂಡು ಹೊರಡ್ತಾರೆ. ಬೀದಿಯೋರ ನಿದ್ದೆ ಕೆಡುತ್ತೆ ಅಂತ ತಿರುವಿನ ತನಕ ತಳ್ಕೊಂಡು ಹೋಗಿ, ಅಲ್ಲಿ ಸ್ಟಾರ್ಟ್ ಮಾಡ್ತಾರೆ. ಅವರು ವಾಪಸ್ ಬರೋ ತನಕ ನಂಗೆ ಜೀವದಲ್ಲಿ ಜೀವ ಇರಲ್ಲ."

ಅದು ಬಾಯಿಮಾತಿನ ಚಿಂತೆಯಲ್ಲ, ಅವನ ಕಣ್ಣ ಕೆಳಗೆ ಕಪ್ಪಾಗಿತ್ತು.

ಅವನು ಹೋದ ಮೇಲೆ ಹಳೆಯ ಗ್ರಿಪ್ಪುಗಳನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆದೆ. ಬೇರೆಯವರಾಗಿದ್ದರೆ ಸೀದಾ ಕಸದ ಡಬ್ಬಿಗೆ ಎಸೆಯುತ್ತಿದ್ದರು. ನಾನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಮೇಷ್ಟ್ರ ಅಂಗೈ ಎಂದರೆ ಮೊರ. ಅಂಥ ಕೈ ಹಿಡಿದಿದ್ದರೆ ರಬ್ಬರು ಈ ತುದಿಯಿಂದ ಆ ತುದಿಯವರೆಗೂ ಸವೆಯಬೇಕಿತ್ತು. ಇದರಲ್ಲಿ ಒಳಗಿನ ಅರ್ಧ ಮಾತ್ರ ನುಣ್ಣಗಾಗಿತ್ತು. ಕ್ಲಚ್ಚಿನ ಹಿಡಿಯನ್ನೂ ಯಾರೋ ಬೇಕೆಂದೇ ಹತ್ತಿರಕ್ಕೆ ಎಳೆದು ಕೂರಿಸಿದ್ದರು.

ಹೊಸ ಗ್ರಿಪ್ಪುಗಳಲ್ಲಿ ಬಲಗಡೆಯದರ ತೂತು ದೊಡ್ಡದು, ಏಕೆಂದರೆ ಅದು ಆಕ್ಸಿಲರೇಟರಿನ ಕೊಳವೆಯ ಮೇಲೆ ಕೂರಬೇಕು. ಎಡಗಡೆಯದು ಬರೀ ಹ್ಯಾಂಡಲ್ಲಿನ ಮೇಲೆ. ಹಳೆಯ ಅಂಟನ್ನು ಒರೆಸಿ, ಗಾಳಿಯ ಪೈಪು ತೂರಿಸಿ ಊದುತ್ತಾ ಎರಡನ್ನೂ ಏರಿಸಿದೆ. ಬಲಗಡೆಯದನ್ನು ತಿರುಗಿಸಿ ಬಿಟ್ಟೆ. ಟಕ್ ಎಂದು ತಾನೇ ಹಿಂದಕ್ಕೆ ಬಂತು. ಕೆಲಸ ಮುಗಿಯಿತು ಎಂದು ಸೀಟಿನ ಮೇಲೆ ಕುಳಿತು ಕನ್ನಡಿ ನೋಡಿದರೆ, ಎರಡರಲ್ಲೂ ಕಂಡದ್ದು ನನ್ನ ಹೊಟ್ಟೆ. ರಸ್ತೆ ಕಾಣಬೇಕಾದರೆ ನಾನು ಕುಗ್ಗಿ ಕುಗ್ಗಿ ಹ್ಯಾಂಡಲ್ಲಿಗೆ ಗಲ್ಲ ಊರಬೇಕಾಯಿತು.

ಉದ್ದ ಮೇಷ್ಟ್ರು ಈ ಗಾಡಿ ಓಡಿಸುತ್ತಿಲ್ಲ. ಹಾಗಾದರೆ ಯಾರು? ಮಧ್ಯಾಹ್ನ ಊಟಕ್ಕೆ ಕುಳಿತಾಗಲೂ ಅದೇ ಲೆಕ್ಕ. "ಯಾರ ಮನೆ ವಿಷಯ ನುಂಗ್ತಾ ಇದೀರಿ?" ಎಂದು ಹೆಂಡತಿ ಕೇಳಿದಳು.

ಸಂಜೆ ಮೂವರೂ ಬಂದರು. ಮಗ ಮುಂದೆ, ಹಿಂದೆ ಮೇಷ್ಟ್ರು, ಅವರ ಮೊಣಕೈ ಹಿಡಿದುಕೊಂಡು ಅವರ ಹೆಂಡತಿ. ಆಕೆಯ ತಲೆ ಮೇಷ್ಟ್ರ ಎದೆಯವರೆಗೂ ಬರುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಸ್ಪ್ಯಾನರು ಅಲ್ಲೇ ನಿಂತಿತು.

ಆಕೆ ಯಾರನ್ನೂ ಕೇಳದೆ ಗಾಡಿಯ ಹತ್ತಿರ ಹೋಗಿ ಹೊಸ ಗ್ರಿಪ್ಪು ಹಿಡಿದು ನೋಡಿದರು. ಬೆರಳು ಚಾಚಿ ಕ್ಲಚ್ಚು ಒತ್ತಲು ಹೋದರು, ಆಗಲಿಲ್ಲ. ಗಾಡಿಯನ್ನೂ ಮಗನನ್ನೂ ಒಮ್ಮೆ ನೋಡಿ, ಉಸಿರು ಬಿಟ್ಟು ನನ್ನ ಕಡೆ ತಿರುಗಿದರು.

"ಇದು ದಪ್ಪ ಆಯ್ತು. ತೆಳ್ಳಂದು ಇದ್ಯಾ?"

"ಮಾರೋ ಗಾಡಿಗೆ ಯಾವುದಾದ್ರೇನಮ್ಮ?" ಎಂದ ಮಗ.

"ಮಾರೋದಾದ್ರೆ ಯಾವುದಾದ್ರೂ ಆಗುತ್ತೆ. ನಾನು ಓಡಿಸೋದಾದ್ರೆ ತೆಳ್ಳಂದೇ ಬೇಕು."

ಮಗ ಅಪ್ಪನ ಮುಖ ನೋಡಿದ. "ತಿರುವಿನ ತನಕ ತಳ್ಳೋದಷ್ಟೇ ನನ್ನ ಕೆಲಸ," ಎಂದರು ಮೇಷ್ಟ್ರು. "ಅಲ್ಲಿಂದ ಆಚೆ ನಾನು ಹಿಂದಿನ ಸೀಟು. ನಿಮ್ಮಮ್ಮ ಲೈಸೆನ್ಸ್ ತಗೊಂಡು ಎಷ್ಟೋ ಕಾಲ ಆಯ್ತು. ನಿಂಗೆ ಹೇಳಿದ್ರೆ ಅವಳಿಗೆ ಗಾಡಿ ಮುಟ್ಟೋಕೂ ಬಿಡ್ತಿರ್ಲಿಲ್ಲ."

ಕೇಳಬಾರದೆಂದು ನಾಲಿಗೆ ಕಚ್ಚಿಕೊಂಡೆ, ಆದರೂ ಕೇಳಿಯೇಬಿಟ್ಟೆ. "ದಿನಾ ಎಲ್ಲಿಗೆ ಹೋಗ್ತೀರಮ್ಮ?"

"ಎಲ್ಲಿಗೂ ಇಲ್ಲಪ್ಪ. ಸೇತುವೆ ತನಕ ಹೋಗಿ ಬರ್ತೀವಿ. ದಾರೀಲಿ ಕಂಡಿದ್ದನ್ನೆಲ್ಲ ನಾನು ಹೇಳ್ತೀನಿ, ಇವರು ಕೇಳ್ತಾರೆ. ಮನೇಲಿ ಕೂತ್ರೆ ಹೇಳೋಕೆ ಏನಿರುತ್ತೆ? ಅದೇ ಗೋಡೆ."

ಮಗ ಹೊಸ ಗ್ರಿಪ್ಪನ್ನು ತಾನೂ ಒಮ್ಮೆ ಹಿಡಿದು ನೋಡಿದ. ಕೊನೆಗೆ, "ತೆಳ್ಳಂದು ಹಾಕಿ. ನಾನೇ ಹಿಂದೆ ಕೂತು ನೋಡ್ತೀನಿ. ಒಂದು ಸಲ ಕೈ ನಡುಗಿದ್ರೂ ನಾಳೆ ಗಾಡಿ ಹೋಗುತ್ತೆ," ಎಂದ. ಆಕೆ ತಲೆಯಾಡಿಸಿದರು.

ಕಪಾಟಿನ ತಳದಲ್ಲಿದ್ದ ತೆಳ್ಳನೆಯ ಜೋಡಿಯನ್ನು ಹುಡುಕಿ ಹಾಕಿಕೊಟ್ಟೆ. ಆಕೆ ಹೆಲ್ಮೆಟ್ ತೊಟ್ಟು, ಮಗನನ್ನು ಕೂರಿಸಿಕೊಂಡು ಹೊರಟರು. ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತು ರಸ್ತೆಯ ಕಡೆ ಕಿವಿಗೊಟ್ಟರು. ಅವರ ದೊಡ್ಡ ಕೈಗಳು ಮೊಣಕಾಲ ಮೇಲೆ ಸುಮ್ಮನಿರಲಿಲ್ಲ.

ಗಾಡಿ ವಾಪಸ್ ಬಂತು. ಮಗ ಇಳಿದು ನೇರ ಅಪ್ಪನ ಹತ್ತಿರ ಬಂದು ನಿಂತ.

"ಅಪ್ಪಾ, ಅಮ್ಮ ದಾರಿಯುದ್ದಕ್ಕೂ ಮಾತಾಡ್ತಾನೇ ಇದ್ರು. ಹಿಂದೆ ಕೂತಿರೋದು ನಾನು ಅನ್ನೋದೇ ಮರೆತುಹೋಗಿತ್ತು ಅಮ್ಮಂಗೆ," ಎಂದ. "ಮೂಲೆ ಮನೆಗೆ ಹಳದಿ ಬಣ್ಣ ಹೊಡೆದಿದಾರೆ. ದಿನಾ ಅದರ ಮುಂದೇನೇ ಓಡಾಡ್ತೀನಿ, ಅಮ್ಮ ಹೇಳೋ ತನಕ ನಾನು ನೋಡಿರ್ಲಿಲ್ಲ."

"ಹೋದ ವಾರವೇ ಹೊಡೆದ್ರು," ಎಂದರು ಮೇಷ್ಟ್ರು. "ಕಿಟಕಿಗೆ ಹಸಿರು."

ಮಗ ಜೇಬಿನಿಂದ ಫೋನು ತೆಗೆದು, ನಾಳೆ ಬರುವುದು ಬೇಡವೆಂದು ಗಿರಾಕಿಗೆ ಹೇಳಿದ.