ಸೀಸೆಯ ತಳದ ಬಿಳಿ ಕೊಳೆ

ಸಂಶೋಧಕಿ ಸಾಕಿದ ಈಸ್ಟು ಶುದ್ಧ ಮೈಗಳ್ಳ ಎಂದು ಪ್ರಯೋಗಾಲಯದವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಅವಳೊಬ್ಬಳು ಮಾತ್ರ ಸುತರಾಂ ಒಪ್ಪಲಿಲ್ಲ.

ಸೋಯಾ ಕಾಳಿನಲ್ಲಿ ಮೈಗೆ ಒಳ್ಳೆಯದಾದ ಒಂದು ವಸ್ತುವಿದೆ. ಆದರೆ ಅದಕ್ಕೊಂದು ಸಕ್ಕರೆಯ ತುಣುಕು ಅಂಟಿಕೊಂಡಿರುವುದರಿಂದ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಆ ತುಣುಕನ್ನು ಕತ್ತರಿಸುವ ಕಿಣ್ವ ತಯಾರಿಸಲೆಂದು ಎರಡು ವರ್ಷ ಕೂತು ಈಸ್ಟಿನ ವಂಶವಾಹಿಯನ್ನೇ ತಿದ್ದಿದ್ದಳು. ಸೀಸೆಯಲ್ಲಿ ಆ ಸೋಯಾ ವಸ್ತು ಬೆರೆಸಿದ ನೀರಿಗೆ ಈಸ್ಟು ಹಾಕಿಡುತ್ತಿದ್ದಳು; ಅದು ತುಣುಕನ್ನು ಕತ್ತರಿಸಿದರೆ ನೀರಿನಲ್ಲಿ ಸಕ್ಕರೆ ಕಾಣಬೇಕು. ಹನ್ನೊಂದು ಸಲ ಅಳೆದಳು, ಹನ್ನೊಂದು ಸಲವೂ ಸೊನ್ನೆ.

"ನಾಳೆ ಶುಕ್ರವಾರ ಮಧ್ಯಾಹ್ನದವರೆಗೆ ನೋಡೋಣಮ್ಮ," ಎಂದರು ಮುಖ್ಯಸ್ಥರು. "ಆಮೇಲೆ ಈ ತಳೀನ ಕುದಿಸಿ ಚೆಲ್ಲಿಬಿಡು."

ಎರಡು ವರ್ಷ ನೀರುಪಾಲು! ಸಿಟ್ಟಿಗೆ ಕೊನೆಯ ಸೀಸೆಯನ್ನು ತೊಳೆಯದೆಯೇ ಬಿಟ್ಟು ಅವಳು ಅತ್ತೆಯ ಬೇಕರಿಗೆ ಬಂದಳು. ಮೂವತ್ತು ವರ್ಷದಿಂದ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ ಅತ್ತೆಯ ಕೈಯೂ ಗಟ್ಟಿ, ಬಾಯಿಯೂ ಗಟ್ಟಿ.

"ಯಾಕೆ, ಹರಳೆಣ್ಣೆ ಕುಡಿದವಳ ಹಾಗಿದೀಯ?"

ಸೊಸೆ ಎಲ್ಲ ಹೇಳಿಕೊಂಡಳು. ಅತ್ತೆ ಹಿಟ್ಟು ಮೆತ್ತಿದ ಕೈಯಲ್ಲೇ ನಿಂತು ಕೇಳಿದರು.

"ಸಕ್ಕರೆ ಯಾವಾಗ ಅಳೀತೀಯ?"

"ಮಾರನೇ ದಿನ, ಅತ್ತೆ."

"ಅಲ್ಲೀವರೆಗೂ ಈಸ್ಟು ಅದರಲ್ಲೇ ಇರುತ್ತಾ? ಜೀವಂತವಾಗಿ?"

"ಹೂಂ."

ಅತ್ತೆ ಬಿದ್ದು ಬಿದ್ದು ನಕ್ಕರು. "ಅಲ್ಲ ಕಣೇ, ಇಡೀ ದಿನ ಅದರ ಬಾಯಿ ಮುಂದೆ ಸಕ್ಕರೆ ಇಟ್ಟು, ಮಾರನೇ ದಿನ ಎಲ್ಲಿ ಹೋಯ್ತು ಅಂತ ಹುಡುಕ್ತೀಯಾ? ನಾನು ಹಾಕೋ ಸಕ್ಕರೇನ ಅದು ನೋಡ್ತಾ ನೋಡ್ತಾ ನುಂಗಿ ಹಾಕುತ್ತೆ!"

ಸೊಸೆಗೆ ನಾಚಿಕೆಯೂ ಆಸೆಯೂ ಒಟ್ಟಿಗೇ ಬಂದವು. ಸರಿ, ಸಕ್ಕರೆ ಈಸ್ಟಿನ ಹೊಟ್ಟೆಗೆ ಹೋಯಿತೆನ್ನೋಣ. ಸೋಯಾ ವಸ್ತುವಿನ ಉಳಿದ ಭಾಗ ಎಲ್ಲಿ? ಸಕ್ಕರೆ ಕಳಚಿದ ಮೇಲೆ ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ತಳಕ್ಕಿಳಿಯುತ್ತದೆ. ಸೀಸೆಯ ತಳದ ಬಿಳಿ ಪದರವನ್ನು ಸತ್ತ ಈಸ್ಟಿನ ಕೊಳೆಯೆಂದು ಹಿಂದಿನ ಹತ್ತು ಸಲವೂ ಬ್ರಷ್ಷು ಹಾಕಿ ತಿಕ್ಕಿ ತೊಳೆದಿದ್ದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪ್ರಯೋಗಾಲಯಕ್ಕೆ ಓಡಿದಳು. ಸೀಸೆ ಇಟ್ಟಲ್ಲೇ ಇತ್ತು. ಬಿಳಿ ಪದರವನ್ನು ಕೆರೆದು ಮದ್ಯಸಾರದಲ್ಲಿ ಕರಗಿಸಿ, ಅದರಲ್ಲಿ ಯಾವ ವಸ್ತುವಿದೆಯೆಂದು ಗುರುತಿಸುವ ಯಂತ್ರಕ್ಕೆ ಕೊಟ್ಟಳು. ಪರದೆಯ ಮೇಲೆ ಗೆರೆ ನೆಟ್ಟಗೆ ಸಾಗಿತು, ಸಾಗಿತು, ಆಮೇಲೆ ಸಕ್ಕರೆ ಕಳಚಿದ ವಸ್ತುವಿದ್ದರೆ ಏಳಬೇಕಾದ ಜಾಗದಲ್ಲೇ ಸರ್ರನೆ ಎದ್ದಿತು. ಹಿಂದೆ ಬಂದು ನಿಂತಿದ್ದ ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡರು.

"ಯಾವತ್ತಿಂದ ಹೀಗೆ ಕೆಲಸ ಮಾಡ್ತಿದೆ ಇದು?"

"ಮೊದಲನೇ ದಿನದಿಂದ ಸರ್," ಎನ್ನುವಾಗ ಅವಳ ಕಣ್ಣು ತುಂಬಿ ಬಂತು. "ಹತ್ತು ಸಲ ಅದು ಮಾಡಿಕೊಟ್ಟಿತು. ಹತ್ತು ಸಲ ನಾನೇ ತೊಳೆದು ಚೆಲ್ಲಿದೆ."